ಅಪ್‌ಡೇಟ್ ಮುಟ್ಟದ ಜಾಗ: ಕನ್ನಡವೆಲ್ಲ ಡಬ್ಬಿಯಾದ ಒಂದು ಫೋನಿನ ಪ್ರಕರಣ

ಫೋನು ಧಾರವಾಡದ ನಿವೃತ್ತ ಶಿಕ್ಷಕಿಯೊಬ್ಬರದು. ನಿವೃತ್ತಿಯ ಮೇಲೆ ಅವರು ಮುದ್ರಣಾಲಯಗಳಿಗೆ ಕರಡು ತಿದ್ದಿಕೊಡುತ್ತಾರೆ. ಪುಟಗಳು ಪಿಡಿಎಫ್ ಆಗಿ ವಾಟ್ಸಾಪಿಗೆ ಬರುತ್ತವೆ, ತಿದ್ದುಪಡಿಗಳನ್ನು ಅಲ್ಲೇ ಕನ್ನಡದಲ್ಲಿ ಟೈಪ್ ಮಾಡಿ ಕಳಿಸುತ್ತಾರೆ. ಆ ಪುಟಗಳನ್ನು ಕಟ್ಟುವ ಡಿಟಿಪಿ ಕೆಲಸ ನನ್ನದು. ಹೀಗಾಗಿ 2022ರ ದೀಪಾವಳಿ ಮುಗಿದ ಮೇಲೆ ಅವರ ಫೋನಿನ ಕನ್ನಡ ಕೆಟ್ಟಾಗ ದೂರು ನನ್ನ ಹತ್ತಿರವೇ ಬಂತು.

“ಅಪ್‌ಡೇಟ್ ಆದಮ್ಯಾಲೆ ಫೋನ್ ಪೂರಾ ಕೆಟ್ಟದ್ರಿ. ಕನ್ನಡ ಅಂಬೂದು ಬರೇ ಡಬ್ಬಿ ಡಬ್ಬಿ ಕಾಣಸ್ತದ. ರೊಕ್ಕ ಕಳಸೂ ಆ್ಯಪ್ ತೆಗೀವಲ್ತು. ಪ್ರಿಂಟ್ ಕೊಟ್ರ ಏನೂ ಆಗೂದಿಲ್ಲ.”

ದೂರು ಮೂರು, ಅವರ ಪ್ರಕಾರ ಕಾರಣ ಒಂದೇ. ಆಂಡ್ರಾಯ್ಡ್ 10ರೊಂದಿಗೆ ಬಂದ ಆ ಫೋನು ಬಹಳ ಕಾಲ ಅಪ್‌ಡೇಟ್ ಇಲ್ಲದೆ ಉಳಿದಿತ್ತು. ಹಬ್ಬದ ರಜೆಯಲ್ಲಿ ಅಕ್ಕನ ಮಗ ಬಂದವನು ಮೊದಲು 11ಕ್ಕೆ, ಅದರ ಬೆನ್ನಿಗೇ 12ಕ್ಕೆ ಏರಿಸಿ ಹೋಗಿದ್ದ. ಹತ್ತಿರದ ಮೊಬೈಲ್ ಅಂಗಡಿಯವರು ನೋಡಿ, “ಫ್ಯಾಕ್ಟರಿ ರಿಸೆಟ್ ಹೊಡದ್ರ ಎಲ್ಲಾ ಸರಿ ಆಗ್ತದ” ಅಂದಿದ್ದರು. ಹಾಗೆ ಮಾಡಿದರೆ ಫೋನಿನಲ್ಲಿ ಇಟ್ಟುಕೊಂಡದ್ದೆಲ್ಲ ಅಳಿಸಿಹೋಗುತ್ತದೆ. ವಾಟ್ಸಾಪಿನಲ್ಲಿ ಅರ್ಧ ತಿದ್ದಿದ ಗ್ರಂಥವೇ ಇತ್ತು, ಬ್ಯಾಕಪ್ ಇರಲಿಲ್ಲ. ಅದಕ್ಕೇ ಅಕ್ಕೋರು (ಶಿಕ್ಷಕಿಯರನ್ನು ನಮ್ಮ ಕಡೆ ಕರೆಯುವುದೇ ಹಾಗೆ) ಒಪ್ಪಲಿಲ್ಲ.

ಅಂಗಡಿಯವರ ಮಾತು ಪೂರ್ತಿ ತಪ್ಪಲ್ಲ. ರಿಸೆಟ್ ಮಾಡಿದ್ದರೆ ಮೂರರಲ್ಲಿ ಎರಡು ದೂರು ಹೋಗುತ್ತಿದ್ದವು, ಒಂದು ಉಳಿಯುತ್ತಿತ್ತು. ಅದು ಯಾಕೆ ಉಳಿಯುತ್ತಿತ್ತು ಎಂಬುದಕ್ಕಾಗಿಯೇ ಈ ಪ್ರಕರಣವನ್ನು ಬರೆದಿಡುತ್ತಿದ್ದೇನೆ.

ಕನ್ನಡ ಕೆಡುವ ಮೂರು ಬಗೆ

ಪರದೆಯ ಮೇಲೆ ಕನ್ನಡ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ಮೊದಲು ನೋಡಬೇಕಾದ್ದು ಹೇಗೆ ಕೆಟ್ಟಿದೆ ಎಂಬುದನ್ನು. ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಎಲ್ಲ ಸಾಧನಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತದಲ್ಲಿಲ್ಲದ ಪಠ್ಯ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ಹಾಗಾಗುತ್ತದೆ. ಪ್ರೆಸ್ಸಿನವರಿಗೆಲ್ಲ ಇದು ದಿನದ ರಗಳೆ. ಅಕ್ಷರಗಳು ಕಾಣುತ್ತಿದ್ದೂ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಸಿಡಿದಿದ್ದರೆ, ಕೊಂಬು ದೀರ್ಘಗಳು ಎಲ್ಲೆಲ್ಲೋ ನಿಂತಿದ್ದರೆ, ಪಠ್ಯವೂ ಸರಿ ಫಾಂಟೂ ಇದೆ, ಜೋಡಿಸುವ ತಂತ್ರಾಂಶ ಎಡವಿದೆ ಎಂದರ್ಥ. ಖಾಲಿ ಡಬ್ಬಿಗಳು ಸಾಲಾಗಿ ನಿಂತಿದ್ದರೆ ವಿಷಯವೇ ಬೇರೆ. ಯಾವ ಅಕ್ಷರ ಬೇಕು ಎಂಬುದು ಫೋನಿಗೆ ಗೊತ್ತಿದೆ, ಅದನ್ನು ಬರೆಯುವ ಆಕಾರ ಮಾತ್ರ ಸಿಗುತ್ತಿಲ್ಲ.

ಇಲ್ಲಿದ್ದದ್ದು ಮೂರನೆಯ ಬಗೆ. ಆದರೆ ಎಲ್ಲ ಕಡೆಯೂ ಅಲ್ಲ. ನಾನು ಕಳಿಸಿದ್ದ ಪಿಡಿಎಫ್ ಪುಟಗಳು ಅಚ್ಚುಕಟ್ಟಾಗಿ ಕಾಣುತ್ತಿದ್ದವು, ಏಕೆಂದರೆ ಪಿಡಿಎಫ್ ತನ್ನ ಫಾಂಟನ್ನು ಒಳಗೇ ಹೊತ್ತು ತರುತ್ತದೆ. ಸ್ವಂತ ಫಾಂಟ್ ಇಟ್ಟುಕೊಂಡ ಸುದ್ದಿ ಆ್ಯಪ್ ಒಂದರಲ್ಲೂ ಕನ್ನಡ ಸರಿಯಿತ್ತು. ವಾಟ್ಸಾಪ್ ಸಂದೇಶ, ಎಸ್ಸೆಮ್ಮೆಸ್, ಸಂಪರ್ಕಪಟ್ಟಿಯ ಹೆಸರುಗಳು, ಕೀಬೋರ್ಡಿನ ಕೀಲಿಗಳು, ಇವೆಲ್ಲ ಡಬ್ಬಿ. ಅಂದರೆ ಸಿಸ್ಟಮ್ಮಿನ ಫಾಂಟನ್ನು ನಂಬಿದವರಿಗೆ ಮಾತ್ರ ಪೆಟ್ಟು ಬಿದ್ದಿತ್ತು.

ಸೆಟ್ಟಿಂಗ್ಸ್‌ನಲ್ಲಿ ಹೊಸ ಭಾಷೆ ಸೇರಿಸುವ ಪಟ್ಟಿ ತೆರೆದೆ. ಅಲ್ಲಿ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿರುತ್ತದೆ, ಹಾಗಾಗಿ ಫಾಂಟ್ ಪರೀಕ್ಷೆಗೆ ಇದಕ್ಕಿಂತ ಸುಲಭದ ಜಾಗವಿಲ್ಲ. ಕನ್ನಡ, ತೆಲುಗು, ತಮಿಳು ಡಬ್ಬಿ. ಚೀನೀ, ಅರೇಬಿಕ್ ಸರಿ. ಫಾಂಟುಗಳು ಅಳಿಸಿಹೋಗಿದ್ದರೆ ನಷ್ಟಕ್ಕೆ ಇಷ್ಟು ಅಚ್ಚುಕಟ್ಟಾದ ಗೆರೆ ಇರುತ್ತಿರಲಿಲ್ಲ. ನಮ್ಮ ಕಡೆಯ ಲಿಪಿಗಳು ಒಟ್ಟಾಗಿ ಬಿದ್ದಿವೆ, ಬೇರೆಯವು ಉಳಿದಿವೆ ಎಂದರೆ ಯಾವುದೋ ಪಟ್ಟಿಯಲ್ಲಿ ಹೊಂದಾಣಿಕೆ ತಪ್ಪಿದೆ ಎಂಬ ಗುಮಾನಿ ಬಂತು.

ಅಕ್ಕೋರ ಕಣ್ಣು

ದಾರಿ ತೋರಿಸಿದ್ದು ತಂತ್ರಜ್ಞಾನವಲ್ಲ, ಕರಡು ತಿದ್ದುವವರ ಅಭ್ಯಾಸ. ಮಾತಿನ ನಡುವೆ ಅವರು ತಾವಾಗಿಯೇ ಹೇಳಿದರು: “ಇಂಗ್ಲಿಷ್ ಅಕ್ಷರಾನೂ ಬ್ಯಾರೆ ಆಗ್ಯಾವು ನೋಡ್ರಿ. ಈ ದುಂಡಗಿನ ಅಕ್ಷರ ಲಾಕ್‌ಡೌನ್‌ದಾಗ ಒಮ್ಮೆ ಬಂದಿತ್ತು. ನಾ ಬ್ಯಾಡಪಾ ಅಂದಮ್ಯಾಲೆ ನಮ್ಮ ಹುಡುಗ ತಗದಿದ್ದ.”

2020ರಲ್ಲಿ ಬಂದು ಹೋದ ಅಕ್ಷರಶೈಲಿ 2022ರಲ್ಲಿ ಆಂಡ್ರಾಯ್ಡ್ 12ರ ಮೇಲೆ ಹೇಗೆ ಬಂತು? ಅಪ್‌ಡೇಟ್ ಅದನ್ನು ತರಲು ಸಾಧ್ಯವಿಲ್ಲ. ಅದು ಫೋನಿನೊಳಗೇ ಎಲ್ಲೋ ಮಲಗಿದ್ದು ಎದ್ದಿರಬೇಕು.

ಎರಡನೆಯ ಸುಳಿವು ಗ್ಯಾಲರಿಯಲ್ಲಿತ್ತು. ಅಕ್ಕೋರಿಗೆ ಸ್ಕ್ರೀನ್‌ಶಾಟ್ ತೆಗೆದಿಡುವ ರೂಢಿ. 12ಕ್ಕೆ ಏರಿದ ನಂತರದ ತಾರೀಖಿನ ಸ್ಕ್ರೀನ್‌ಶಾಟುಗಳಲ್ಲಿ ವಾಟ್ಸಾಪಿನ ಕನ್ನಡ ನಿಚ್ಚಳವಾಗಿತ್ತು. ಮೇಲಿನ ಪಟ್ಟಿಯ ಚಿಹ್ನೆಗಳ ಆಕಾರ, ನೋಟಿಫಿಕೇಶನ್ ಎಳೆದಾಗ ಕಾಣುವ ದಪ್ಪ ಗುಂಡಿಗಳು 12ರವೇ, ಅದರಲ್ಲಿ ಅನುಮಾನವಿರಲಿಲ್ಲ. ಅಂದರೆ ಅಪ್‌ಡೇಟ್ ಆಗಿ ಕೆಲವು ದಿನ ಕನ್ನಡ ಚೆನ್ನಾಗಿಯೇ ಇತ್ತು. ಹುಡುಗ ಊರಿಗೆ ಹೊರಡುವ ಹೊತ್ತಿನಲ್ಲಿ ಕೆಟ್ಟಿದೆ. ಹಣ ಕಳಿಸುವ ಆ್ಯಪಿನ ಕೊನೆಯ ವ್ಯವಹಾರದ ತಾರೀಖೂ ಅಲ್ಲಿಗೇ ನಿಂತಿತ್ತು. “ಅಪ್‌ಡೇಟ್ ಆದಮ್ಯಾಲೆ” ಎಂಬ ಮಾತು ಸುಳ್ಳಲ್ಲ, ಆದರೆ ಅದರೊಳಗೆ ಎರಡು ಬೇರೆ ದಿನಗಳು ಸೇರಿಕೊಂಡಿದ್ದವು. ಫೋನು ರಿಪೇರಿಗೆ ಬಂದಾಗ ಮಾಲೀಕರ ನೆನಪಿಗಿಂತ ಸ್ಕ್ರೀನ್‌ಶಾಟಿನ ತಾರೀಖನ್ನು ನಾನು ಹೆಚ್ಚು ನಂಬುತ್ತೇನೆ.

ಫೋನನ್ನು ಒಮ್ಮೆ ಆರಿಸಿ ಹೊತ್ತಿಸಿದೆ. ಕಂಪನಿಯ ಲಾಂಛನಕ್ಕೂ ಮೊದಲು, ಬೂಟ್‌ಲೋಡರಿನ (ಫೋನು ಏಳುವಾಗ ಮೊದಲು ಓಡುವ ತಂತ್ರಾಂಶದ) ಬೀಗ ತೆರೆದಿದೆ ಎಂಬ ಎಚ್ಚರಿಕೆಯ ಪರದೆ ಬಂತು. ಆಂಡ್ರಾಯ್ಡ್ ಇದನ್ನು ಕಿತ್ತಳೆ ಸ್ಥಿತಿ ಎನ್ನುತ್ತದೆ. ಸಿಸ್ಟಮ್ ಅಸಲಿಯೇ ಎಂದು ಪರೀಕ್ಷಿಸುವ ಹೊಣೆಯನ್ನು ಫೋನು ಬಳಸುವವರ ತಲೆಗೆ ಹಾಕಿದ್ದೇನೆ ಎಂದು ಅದರ ಅರ್ಥ. ಅಕ್ಕೋರು ಅದನ್ನು ಎರಡು ವರ್ಷದಿಂದ ನೋಡುತ್ತಿದ್ದರು, ಜಾಹೀರಾತು ಎಂದುಕೊಂಡಿದ್ದರು. ಆ್ಯಪ್‌ಗಳ ಪಟ್ಟಿಯಲ್ಲಿ ‘ಸೆಟ್ಟಿಂಗ್ಸ್’ ಎಂಬ ಹೆಸರಿನವು ಎರಡಿದ್ದವು. ಒಂದು ನಿಜವಾದದ್ದು. ಇನ್ನೊಂದು, ವೇಷ ಹಾಕಿಕೊಂಡ ಮ್ಯಾಜಿಸ್ಕ್. ಫೋನನ್ನು ರೂಟ್ ಮಾಡುವ, ಅಂದರೆ ಸಿಸ್ಟಮ್ಮಿನ ಮೇಲೆ ಪೂರ್ತಿ ಅಧಿಕಾರ ಕೊಡುವ ತಂತ್ರಾಂಶ ಅದು. ತನ್ನನ್ನು ಬೇರೆ ಆ್ಯಪ್‌ಗಳಿಂದ ಮರೆಸಿಕೊಳ್ಳುವ ಸೌಲಭ್ಯವನ್ನು ಬಳಸಿದರೆ ಮ್ಯಾಜಿಸ್ಕ್ ತಾನಾಗಿ ಕೊಡುವ ಹೆಸರೇ ಅದು.

ಇಷ್ಟಾದ ಮೇಲೆ ಹುಡುಗನಿಗೆ ಫೋನ್ ಮಾಡಿದೆ.

2020ರಲ್ಲಿ ಆದದ್ದು, 2022ರಲ್ಲಿ ಎದ್ದದ್ದು

ಅವನು ಎಂಜಿನಿಯರಿಂಗ್ ಓದುವ ಹುಡುಗ, ಮುಚ್ಚಿಡಲಿಲ್ಲ. 2020ರ ಲಾಕ್‌ಡೌನಿನಲ್ಲಿ ಮೌಶಿಯ ಮನೆಯಲ್ಲೇ ಉಳಿದಿದ್ದಾಗ, ಆಗಷ್ಟೇ ಕೊಂಡಿದ್ದ ಆ ಫೋನಿನ ಬೂಟ್‌ಲೋಡರ್ ಬೀಗ ತೆರೆದು ರೂಟ್ ಮಾಡಿದ್ದ. ಇಂಗ್ಲಿಷ್ ಅಕ್ಷರ ಬದಲಿಸುವ ಫಾಂಟ್ ಮಾಡ್ಯೂಲ್ (ಮ್ಯಾಜಿಸ್ಕ್‌ಗೆ ಸೇರಿಸುವ ತುಣುಕು), ಇನ್ನೂ ಒಂದೆರಡು ಮಾಡ್ಯೂಲ್ ಹಾಕಿದ್ದ. ಹಣ ಕಳಿಸುವ ಆ್ಯಪಿಗೆ ತೊಂದರೆಯಾಗದಿರಲೆಂದು ಊರು ಬಿಡುವಾಗ ಎಲ್ಲವನ್ನೂ ತೆಗೆದಿದ್ದ. ಕನಿಷ್ಠ ಅವನ ಲೆಕ್ಕದಲ್ಲಿ ತೆಗೆದಿದ್ದ.

“ಈ ಸಲ ಫಾಂಟ್ ಮುಟ್ಟೇ ಇಲ್ಲ ಸರ್. ಜಾಹೀರಾತು ಬರಬಾರದು ಅಂತ ರೂಟ್ ಅಷ್ಟೇ ಮಾಡಿ ಕೊಟ್ಟೆ,” ಎಂದ. ಅದೂ ನಿಜವೇ.

ಇಲ್ಲಿ ಮ್ಯಾಜಿಸ್ಕ್ ಕೆಲಸ ಮಾಡುವ ಬಗೆ ತಿಳಿದಿರಬೇಕು. ಫೋನಿನ ಸಂಗ್ರಹ ಹಲವು ವಿಭಾಗಗಳಾಗಿರುತ್ತದೆ: ಆಂಡ್ರಾಯ್ಡ್ ಇರುವುದು ಸಿಸ್ಟಮ್ ವಿಭಾಗ, ಅದನ್ನು ಎಬ್ಬಿಸುವುದು ಬೂಟ್ ವಿಭಾಗ, ನಮ್ಮದೆಲ್ಲ ಇರುವುದು ಡೇಟಾ ವಿಭಾಗ. ಮ್ಯಾಜಿಸ್ಕ್ ಸಿಸ್ಟಮ್ ವಿಭಾಗದ ಒಂದು ಫೈಲನ್ನೂ ತಿದ್ದುವುದಿಲ್ಲ. ಬೂಟ್ ವಿಭಾಗಕ್ಕೆ ತನ್ನ ತೇಪೆ ಹಾಕುತ್ತದೆ; ಫೋನು ಏಳುವಾಗ, ಡೇಟಾ ವಿಭಾಗದಲ್ಲಿ ತಾನು ಇಟ್ಟುಕೊಂಡಿರುವ ಮಾಡ್ಯೂಲ್‌ಗಳ ಫೈಲುಗಳನ್ನು ಸಿಸ್ಟಮ್ಮಿನ ಅದೇ ಹೆಸರಿನ ಫೈಲುಗಳ ಮೇಲೆ ಹೊದಿಸುತ್ತದೆ. ಕೆಳಗಿನ ಅಸಲಿ ಫೈಲ್ ಹಾಗೇ ಇರುತ್ತದೆ, ಓದುವವರಿಗೆ ಮೇಲಿನದು ಕಾಣುತ್ತದೆ. ಹೀಗೆ ಒಂದೇ ವ್ಯವಸ್ಥೆಯ ಎರಡು ತುಂಡು ಎರಡು ಬೇರೆ ಜಾಗದಲ್ಲಿವೆ: ಹೊದಿಸುವ ಕೈ ಬೂಟ್ ವಿಭಾಗದಲ್ಲಿ, ಹೊದಿಕೆಗಳು ಡೇಟಾ ವಿಭಾಗದಲ್ಲಿ.

ತೆಗೆಯಲು ಮ್ಯಾಜಿಸ್ಕ್ ಎರಡು ದಾರಿ ಕೊಡುತ್ತದೆ. ಒಂದು, ಬೂಟ್ ವಿಭಾಗವನ್ನು ಮಾತ್ರ ಮೊದಲಿನಂತೆ ಮಾಡುವುದು. ಅಪ್‌ಡೇಟ್ ಹಾಕುವ ಮುನ್ನ ಬಳಸಲೆಂದು ಇರುವ ದಾರಿ ಅದು. ಇನ್ನೊಂದು, ಮಾಡ್ಯೂಲ್‌ಗಳ ಸಮೇತ ಪೂರ್ತಿ ಕಿತ್ತುಹಾಕುವುದು. ಹುಡುಗ 2020ರಲ್ಲಿ ಆರಿಸಿದ್ದು ಮೊದಲನೆಯದನ್ನು. ಆಮೇಲೆ ಆ್ಯಪ್ ಅಳಿಸಿದ. ಕೈ ಹೋಯಿತು, ಹೊದಿಕೆ ಉಳಿಯಿತು. ಹೊದಿಸುವವರಿಲ್ಲದ ಕಾರಣ ಅಕ್ಷರ ಮೊದಲಿನಂತಾಯಿತು, ಎಲ್ಲ ಹೋಯಿತು ಎಂದು ಮನೆಯವರೆಲ್ಲ ನಂಬಿದರು. ರೂಟ್ ಇಲ್ಲದೆ ಆ ಫೋಲ್ಡರನ್ನು ಕಾಣಲೂ ಆಗುವುದಿಲ್ಲವಾದ್ದರಿಂದ ಅದು ಅಲ್ಲಿದೆ ಎಂದು ಯಾರಿಗೂ ತಿಳಿಯುವ ಹಾಗಿರಲಿಲ್ಲ.

ನಂತರ ಬಂದ ಎರಡು ಅಪ್‌ಡೇಟುಗಳೂ ಅದನ್ನು ಮುಟ್ಟಲಿಲ್ಲ. ಸಿಸ್ಟಮ್ ಅಪ್‌ಡೇಟ್ ಬದಲಿಸುವುದು ಸಿಸ್ಟಮ್, ವೆಂಡರ್, ಬೂಟ್ ಮೊದಲಾದ ವಿಭಾಗಗಳನ್ನು. 2016ರ ಆಂಡ್ರಾಯ್ಡ್ 7ರಿಂದ ಬಂದ ಎರಡು ಸ್ಲಾಟುಗಳ (ಸಿಸ್ಟಮ್ಮಿನ ಎರಡು ಪ್ರತಿಗಳಿಗೆ ಜಾಗದ) ವ್ಯವಸ್ಥೆಯಿರುವ ಫೋನಿನಲ್ಲಿ ಅದು ಖಾಲಿ ಸ್ಲಾಟಿಗೆ ಹೊಸದನ್ನು ಬರೆದು, ಮುಂದಿನ ಸಲ ಅಲ್ಲಿಂದ ಏಳುವಂತೆ ಮಾಡುತ್ತದೆ. ಡೇಟಾ ವಿಭಾಗ ಎರಡೂ ಸ್ಲಾಟುಗಳಿಗೆ ಒಂದೇ. ನಮ್ಮ ಫೋಟೊ, ಸಂದೇಶ, ಪಾಸ್‌ವರ್ಡುಗಳು ಅಪ್‌ಡೇಟಿನಲ್ಲಿ ಉಳಿಯುವುದು ಅದಕ್ಕೇ. ಎರಡು ವರ್ಷ ಹಳೆಯ ಮಾಡ್ಯೂಲ್ ಉಳಿದದ್ದೂ ಅದಕ್ಕೇ.

12ಕ್ಕೆ ಏರಿದ ಮೇಲೆ ಹುಡುಗ ಆ ಆವೃತ್ತಿಯ ಬೂಟ್ ಇಮೇಜಿಗೆ (ಬೂಟ್ ವಿಭಾಗದಲ್ಲಿ ಕೂರುವ ಫೈಲಿಗೆ) ತೇಪೆ ಹಾಕಿ ಫ್ಲ್ಯಾಶ್ ಮಾಡಿದ, ಅಂದರೆ ಫೋನಿಗೆ ಬರೆದ. ಕೈ ಮರಳಿ ಬಂತು. ಅದು ಡೇಟಾ ವಿಭಾಗದಲ್ಲಿ ಕಂಡ ಹೊದಿಕೆಗಳನ್ನೆಲ್ಲ ಕೇಳದೆಯೇ ಹೊದಿಸಿತು. ಫೋನಿನ ಮೆನು ಇಂಗ್ಲಿಷಿನಲ್ಲಿದ್ದುದರಿಂದ ಅವನಿಗೆ ಡಬ್ಬಿಗಳು ಕಾಣಲಿಲ್ಲ. ಜಾಹೀರಾತು ನಿಂತಿದೆಯೇ ಎಂದು ನೋಡಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟ.

ಪರೀಕ್ಷೆ

ಊಹೆ ಎಷ್ಟೇ ಚೆಂದ ಕೂತರೂ ಪರೀಕ್ಷಿಸದೆ ಬಿಡಬಾರದು. ಇದಕ್ಕೆ ಫೋನಿನಲ್ಲೇ ಉಪಾಯವಿದೆ. ಪವರ್ ಮೆನುವಿನಲ್ಲಿ ‘ಪವರ್ ಆಫ್’ ಮೇಲೆ ಬೆರಳು ಒತ್ತಿಹಿಡಿದರೆ ಸೇಫ್ ಮೋಡಿಗೆ ಹೋಗಬೇಕೆ ಎಂದು ಹಲವು ಫೋನುಗಳು ಕೇಳುತ್ತವೆ. ಸೇಫ್ ಮೋಡ್ ಸಾಮಾನ್ಯವಾಗಿ ನಾವು ಹಾಕಿದ ಆ್ಯಪ್‌ಗಳನ್ನು ಮಾತ್ರ ಸುಮ್ಮನಿರಿಸುತ್ತದೆ. ಮ್ಯಾಜಿಸ್ಕ್ ಇರುವ ಫೋನಿನಲ್ಲಿ ಮಾಡ್ಯೂಲ್‌ಗಳೂ ನಿಲ್ಲುತ್ತವೆ, ಅಷ್ಟೇ ಅಲ್ಲ, ಮಾಮೂಲಿಯಾಗಿ ಮತ್ತೆ ಹೊತ್ತಿಸಿದ ಮೇಲೂ ನಿಂತೇ ಇರುತ್ತವೆ. ಅಂದರೆ ಈ ಪರೀಕ್ಷೆ ಪರಿಸ್ಥಿತಿಯನ್ನೇ ಬದಲಿಸಿಬಿಡುತ್ತದೆ. ಹಾಗಾಗಿ ಮೊದಲು ವೇಷದ ಸೆಟ್ಟಿಂಗ್ಸ್ ತೆರೆದು, ಯಾವ ಮಾಡ್ಯೂಲ್ ಚಾಲೂ ಇದೆ ಎಂಬುದರ ಸ್ಕ್ರೀನ್‌ಶಾಟ್ ತೆಗೆದುಕೊಂಡೆ. ಫಾಂಟಿನದೂ ಚಾಲೂ ಇತ್ತು.

ಸೇಫ್ ಮೋಡಿನಲ್ಲಿ ಎದ್ದ ಫೋನಿನ ಭಾಷಾಪಟ್ಟಿಯಲ್ಲಿ ‘ಕನ್ನಡ’ ಕನ್ನಡದಲ್ಲೇ ಇತ್ತು. ಇಂಗ್ಲಿಷಿನ ದುಂಡಗಿನ ಅಕ್ಷರವೂ ಹೋಗಿತ್ತು. ಎರಡೂ ಒಟ್ಟಿಗೇ ಹೋದದ್ದು ಸಾಕ್ಷ್ಯವನ್ನು ಗಟ್ಟಿಮಾಡಿತು.

ಆಮೇಲೆ ಲ್ಯಾಪ್‌ಟಾಪಿಗೆ ಜೋಡಿಸಿ ಮಾಡ್ಯೂಲಿನ ಒಳಗನ್ನು ನೋಡಿದೆ. ಕಾರಣ ಸರಳವಾಗಿತ್ತು. ಆಂಡ್ರಾಯ್ಡ್‌ನಲ್ಲಿ ಯಾವ ಲಿಪಿಗೆ ಯಾವ ಫಾಂಟ್ ಫೈಲ್ ಎಂದು ಹೇಳುವ ಒಂದು ಎಕ್ಸ್‌ಎಂಎಲ್ ಪಟ್ಟಿ ಇರುತ್ತದೆ. ಈ ಮಾಡ್ಯೂಲ್ ಬದಲಿಸಬೇಕಿದ್ದದ್ದು ಇಂಗ್ಲಿಷ್ ಅಕ್ಷರವನ್ನು ಮಾತ್ರ. ಆದರೆ ಮಾಡಿದವರು ಅದಕ್ಕಾಗಿ ಆಂಡ್ರಾಯ್ಡ್ 10ರ ಇಡೀ ಪಟ್ಟಿಯನ್ನು ನಕಲು ಮಾಡಿ, ಇಂಗ್ಲಿಷಿನ ಸಾಲುಗಳನ್ನು ತಿದ್ದಿ, ಉಳಿದದ್ದನ್ನು ಹಾಗೇ ಬಿಟ್ಟಿದ್ದರು. ಆ ಹಳೆಯ ಪಟ್ಟಿಯಲ್ಲಿ ಕನ್ನಡಕ್ಕೆ ನೋಟೊ ಸಾನ್ಸ್ ಕನ್ನಡದ ರೆಗ್ಯುಲರ್ ಒಂದು ಫೈಲ್, ಬೋಲ್ಡ್ ಇನ್ನೊಂದು ಫೈಲ್. 12ರಲ್ಲಿ ಆ ಎರಡರ ಬದಲು ಒಂದೇ ವೇರಿಯಬಲ್ ಫಾಂಟ್ ಇದೆ, ಹೆಸರಿನ ಕೊನೆಗೆ ‘ವಿಎಫ್’ ಎಂಬ ಬಾಲ ಸೇರಿದೆ. ರೆಗ್ಯುಲರಿನಿಂದ ಬೋಲ್ಡಿನವರೆಗಿನ ತೂಕಗಳೆಲ್ಲ ಅದರೊಳಗೇ. ತೆಲುಗು, ತಮಿಳಿನದೂ ಅದೇ ಕಥೆ. ಚೀನೀ, ಅರೇಬಿಕ್ ಫೈಲುಗಳ ಹೆಸರು ಮಾತ್ರ ಬದಲಾಗಿರಲಿಲ್ಲ. ಹಳೆಯ ವಿಳಾಸದ ಚೀಟಿ ಹಿಡಿದು ಹೊಸ ಬಡಾವಣೆಯಲ್ಲಿ ಮನೆ ಹುಡುಕಿದಂತೆ, ಫೋನು ಇಲ್ಲದ ಹೆಸರಿನ ಫೈಲ್ ಹುಡುಕಿ, ಸಿಗದಾಗ ಗದ್ದಲ ಮಾಡದೆ ಮುಂದಿನ ಸಾಲಿಗೆ ಹೋಗುತ್ತಿತ್ತು. ಕನ್ನಡದ ಫಾಂಟ್ ಫೋನಿನಲ್ಲೇ ಇತ್ತು. ಅದನ್ನು ಕರೆಯುವವರಿರಲಿಲ್ಲ.

ಅಪ್‌ಡೇಟಿನ ನಂತರ ಕನ್ನಡ ಬೇರೆಯಾಗಿ ಕಂಡರೆ ಪ್ರತಿ ಸಲವೂ ಹಳೆಯ ತೇಪೆಯನ್ನೇ ದೂರಬೇಕಿಲ್ಲ ಎಂಬುದನ್ನೂ ಹೇಳಬೇಕು. 2024ರ ಆಂಡ್ರಾಯ್ಡ್ 15ರಲ್ಲಿ, ಆ ಆವೃತ್ತಿಗೆಂದು ಸಿದ್ಧಪಡಿಸಿದ ಆ್ಯಪ್‌ಗಳು ಕನ್ನಡ, ತೆಲುಗು, ತಮಿಳು, ಮಲಯಾಳಂ ಮುಂತಾದ ಲಿಪಿಗಳ ಒತ್ತಿದ ರೂಪ ಬಿಟ್ಟು ಪೂರ್ಣ ಎತ್ತರದ ರೂಪವನ್ನೇ ತಾವಾಗಿ ಬಳಸುತ್ತವೆ. ಸಾಲುಗಳು ಹಿಗ್ಗಿದಂತೆ ಕಾಣುತ್ತವೆ. ಅದು ಬೇಕೆಂದೇ ಮಾಡಿದ ಬದಲಾವಣೆ, ಒತ್ತಕ್ಷರಗಳಿಗೆ ಅದು ಒಳ್ಳೆಯದೇ. ಡಬ್ಬಿ ಕಾಣುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ರೊಕ್ಕದ ಆ್ಯಪ್, ಮತ್ತು ಕೀಳುವ ಕ್ರಮ

ಮಾಡ್ಯೂಲ್‌ಗಳು ನಿಂತ ಮೇಲೂ ಹಣ ಕಳಿಸುವ ಆ್ಯಪ್ ತೆರೆಯಲಿಲ್ಲ. ಸಾಧನ ಸುರಕ್ಷಿತವಲ್ಲ ಎಂಬ ಸಂದೇಶ ಹಾಗೇ ಇತ್ತು. ಇದು ಹೊದಿಕೆಯ ದೋಷವಲ್ಲ, ಕೈಯದು: ಬೂಟ್ ವಿಭಾಗದಲ್ಲಿ ಕುಳಿತ ರೂಟನ್ನು ಆ್ಯಪ್ ಗುರುತಿಸುತ್ತಿತ್ತು. ಅಂಗಡಿಯವರ ಫ್ಯಾಕ್ಟರಿ ರಿಸೆಟ್ ಸೋಲುತ್ತಿದ್ದದ್ದು ಇಲ್ಲೇ. ರಿಸೆಟ್ ಡೇಟಾ ವಿಭಾಗವನ್ನು ಒರೆಸುತ್ತದೆ, ಹಾಗಾಗಿ ಕನ್ನಡ ಬರುತ್ತಿತ್ತು. ಬೂಟ್ ವಿಭಾಗವನ್ನು ಮುಟ್ಟುವುದಿಲ್ಲ, ಹಾಗಾಗಿ ಆ್ಯಪ್ ಬರುತ್ತಿರಲಿಲ್ಲ. ಅರ್ಧ ತಿದ್ದಿದ ಗ್ರಂಥ ಕಳೆದುಕೊಂಡ ಮೇಲೂ ಅಕ್ಕೋರು ರೊಕ್ಕ ಕಳಿಸಲಾಗದೆ ಕೂರಬೇಕಿತ್ತು.

ಹುಡುಗನಿಗೆ ಇದು ಆಶ್ಚರ್ಯ. 2020ರಲ್ಲಿ ರೂಟ್ ಇದ್ದೂ ಅದೇ ಆ್ಯಪ್ ನಡೆಯುತ್ತಿತ್ತಲ್ಲ ಎಂದ. ಆಗ ಮ್ಯಾಜಿಸ್ಕ್‌ನಲ್ಲಿ ರೂಟನ್ನು ಮರೆಸುವ ಮ್ಯಾಜಿಸ್ಕ್ ಹೈಡ್ ಇತ್ತು. 2022ರ ಜನವರಿಯಲ್ಲಿ ಬಂದ 24ನೇ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿ, ಜೈಗಿಸ್ಕ್ ಮತ್ತು ಡಿನೈಲಿಸ್ಟ್ ಎಂಬ ಬೇರೆಯೇ ಏರ್ಪಾಡು ಮಾಡಿದರು. ಅವನು ಹಳೆಯ ನೆನಪಿನಲ್ಲಿ ಹೊಸ ಆವೃತ್ತಿ ಹಾಕಿದ್ದ.

ಡಿನೈಲಿಸ್ಟಿಗೆ (ಮ್ಯಾಜಿಸ್ಕ್ ಕೈಹಾಕಬಾರದ ಆ್ಯಪ್‌ಗಳ ಪಟ್ಟಿಗೆ) ಆ ಆ್ಯಪನ್ನು ಸೇರಿಸಿ ನೋಡೋಣವೇ ಎಂದು ಕೇಳಿದ. ನಾನು ಬೇಡವೆಂದೆ. ಮರೆಸುವವರಿಗೂ ಹುಡುಕುವವರಿಗೂ ನಡೆಯುವ ಓಟದಲ್ಲಿ ಅರವತ್ತು ದಾಟಿದ ಹೆಣ್ಣುಮಗಳೊಬ್ಬರ ಪಿಂಚಣಿ ಖಾತೆಯನ್ನು ಪಣಕ್ಕಿಡುವುದು ನನಗೆ ಸರಿಕಾಣಲಿಲ್ಲ. ಸ್ವಂತ ಎರಡನೇ ಫೋನಿನಲ್ಲಿ ಏನು ಬೇಕಾದರೂ ಮಾಡಿಕೊಳ್ಳಲಿ. ಅಕ್ಕೋರಿಗೆ ರೂಟ್ ಬೇಕಿರಲಿಲ್ಲ, ರೂಟ್ ಇದೆ ಎಂಬುದೂ ಗೊತ್ತಿರಲಿಲ್ಲ.

ಇನ್ನು ಕೀಳುವ ಕೆಲಸ. ಇಲ್ಲಿ ಕ್ರಮವೇ ಎಲ್ಲ. ಮಾಡ್ಯೂಲ್‌ಗಳಿರುವ ಫೋಲ್ಡರನ್ನು ಅಳಿಸಲು ರೂಟ್ ಬೇಕು. ಮೊದಲು ರೂಟ್ ತೆಗೆದರೆ ಒಳಗಿರುವುದು ಒಳಗೇ ಉಳಿಯುತ್ತದೆ. 2020ರಲ್ಲಿ ಆದದ್ದು ಅದೇ. ಆದ್ದರಿಂದ ರೂಟ್ ಇರುವಾಗಲೇ ಡೇಟಾ ವಿಭಾಗವನ್ನು ಶುಚಿ ಮಾಡಿ, ಬೂಟ್ ವಿಭಾಗವನ್ನು ಕೊನೆಗೆ ಮುಟ್ಟಬೇಕು. ನಾಳೆ ಇನ್ಯಾರೋ ಎಂದೋ ರೂಟ್ ಮಾಡಿದರೂ ಏಳಲು ಏನೂ ಉಳಿದಿರಬಾರದು.

ಪೂರ್ತಿ ಕಿತ್ತುಹಾಕುವ ಆಯ್ಕೆ ಎರಡನ್ನೂ ತಾನೇ ಮಾಡುತ್ತದೆ. ಆದರೆ ಈ ಫೋನಿನಲ್ಲಿ ಇನ್ನೊಂದು ತೊಡಕಿತ್ತು. ಮೂಲ ಬೂಟ್ ಇಮೇಜಿನ ಪ್ರತಿ ಇದೆಯೇ ಎಂದು ತಿಳಿಯಲು ಬೂಟ್ ಮಾತ್ರ ಮರಳಿಸುವ ಆಯ್ಕೆಯನ್ನು ಒತ್ತಿ ನೋಡಿದಾಗ, ಅಂಥ ಪ್ರತಿ ಇಲ್ಲವೆಂಬ ಸಂದೇಶ ಬಂತು. ಪ್ರತಿ ಇಲ್ಲದಿದ್ದರೆ ಮ್ಯಾಜಿಸ್ಕ್ ತನ್ನ ತೇಪೆಯನ್ನು ಬಿಚ್ಚಿ ಇಮೇಜನ್ನು ಮರುಜೋಡಿಸುತ್ತದೆ. ಫೋನೇನೋ ಏಳುತ್ತದೆ, ಆದರೆ ಆ ಇಮೇಜು ಬೈಟಿಗೆ ಬೈಟು ಕಂಪನಿಯದರಂತೆಯೇ ಇರುತ್ತದೆಂಬ ಖಾತ್ರಿಯಿಲ್ಲ. ತಿಂಗಳ ಭದ್ರತಾ ಅಪ್‌ಡೇಟುಗಳು ಹೆಚ್ಚಾಗಿ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಹೊತ್ತು ತರುತ್ತವೆ, ಹಳೆಯದು ಅಸಲಿಯಲ್ಲದಿದ್ದರೆ ಹಾಕಲು ಒಪ್ಪುವುದಿಲ್ಲ.

ಹುಡುಗನ ಲ್ಯಾಪ್‌ಟಾಪಿನಲ್ಲಿ, ತೇಪೆ ಹಾಕುವ ಮುನ್ನ ಅವನು ಇಳಿಸಿಕೊಂಡಿದ್ದ ಕಂಪನಿಯ ಪೂರ್ಣ ಫರ್ಮ್‌ವೇರ್ (ಫೋನಿನ ಮೂಲ ತಂತ್ರಾಂಶದ ಕಟ್ಟು) ಇತ್ತು. ಅದರಲ್ಲಿನ ಬೂಟ್ ಇಮೇಜ್ ಕಳಿಸಲು ಹೇಳಿದೆ. ಫೋನಿನ ‘ಅಬೌಟ್’ ಪುಟದ ಬಿಲ್ಡ್ ನಂಬರನ್ನು ಆ ಫರ್ಮ್‌ವೇರಿನದರೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಿದೆವು. ತಾಳೆ ನೋಡುವ ಕೆಲಸವನ್ನು ಅಕ್ಕೋರೇ ಮಾಡಿದರು, ಅವರಿಗಿಂತ ನಂಬಿಗಸ್ತರು ಆ ಕೋಣೆಯಲ್ಲಿರಲಿಲ್ಲ. ಬೇರೆ ಬಿಲ್ಡಿನ ಬೂಟ್ ಇಮೇಜ್ ಹಾಕಿದರೆ ವೈಫೈ ಸತ್ತುಹೋಗುವುದರಿಂದ ಹಿಡಿದು ಫೋನು ಏಳದಿರುವವರೆಗೆ ಏನು ಬೇಕಾದರೂ ಆಗಬಹುದು. ಮ್ಯಾಜಿಸ್ಕನ್ನು ಪೂರ್ತಿ ಕಿತ್ತು, ಕಂಪ್ಯೂಟರಿನಿಂದ ಫೋನಿನ ವಿಭಾಗಗಳಿಗೆ ಬರೆಯುವ ಫಾಸ್ಟ್‌ಬೂಟಿನಲ್ಲಿ ಸದ್ಯ ಚಾಲ್ತಿಯಲ್ಲಿರುವ ಸ್ಲಾಟ್ ಯಾವುದೆಂದು ಕೇಳಿಕೊಂಡು, ಅಲ್ಲಿಗೆ ಕಂಪನಿಯ ಬೂಟ್ ಇಮೇಜ್ ಬರೆದೆ. ಆಂಡ್ರಾಯ್ಡ್ 13ರೊಂದಿಗೇ ಹುಟ್ಟಿದ ಫೋನುಗಳಲ್ಲಿ ಈ ತೇಪೆ ಬೀಳುವುದು ಇನಿಟ್ ಬೂಟ್ ಎಂಬ ಬೇರೆ ವಿಭಾಗಕ್ಕೆ. ಅಂಥ ಫೋನಿನವರು ಈ ಹೆಜ್ಜೆಯನ್ನು ಹೀಗೇ ನಕಲು ಮಾಡಬಾರದು.

ರೊಕ್ಕದ ಆ್ಯಪ್ ತೆರೆಯಿತು. ಬೂಟ್‌ಲೋಡರ್ ಬೀಗ ತೆರೆದೇ ಇದ್ದರೂ ಆ ಆ್ಯಪಿಗೆ ಅದರ ತಕರಾರು ಇರಲಿಲ್ಲ. ಎಲ್ಲ ಆ್ಯಪ್‌ಗಳೂ ಇಷ್ಟು ಉದಾರವಲ್ಲ.

ಅಪ್‌ಡೇಟಿಗಿಂತ ಹಳೆಯ ದೂರು

ಪ್ರಿಂಟಿನದು ಕೊನೆಗೆ ಉಳಿಯಿತು. ಪಿಡಿಎಫ್ ತೆರೆದು ಪ್ರಿಂಟ್ ಒತ್ತಿದರೆ ಪರದೆ ಒಮ್ಮೆ ಮಿಣುಕಿ ಸುಮ್ಮನಾಗುತ್ತಿತ್ತು. ಈ ಹಿಂದೆ ಫೋನಿನಿಂದ ಪ್ರಿಂಟ್ ತೆಗೆದಿದ್ದಿರೇ ಎಂದು ಕೇಳಿದೆ. ಇಲ್ಲ, ವೈಫೈ ಪ್ರಿಂಟರ್ ಬಂದದ್ದೇ ಹಬ್ಬಕ್ಕೆ. ಅಂದರೆ ಇದು ಯಾವತ್ತಿನಿಂದ ಕೆಟ್ಟಿದೆ ಎಂದು ಯಾರಿಗೂ ಗೊತ್ತಿಲ್ಲ, ಗಮನಕ್ಕೆ ಬಂದ ದಿನವೇ ಕೆಟ್ಟ ದಿನವಾಗಿಬಿಟ್ಟಿತ್ತು.

ಬೇಡದ ಆ್ಯಪ್ ತೆಗೆಯುವ ಹುಚ್ಚು ಲಾಕ್‌ಡೌನಿನಲ್ಲಿ ಅನೇಕರಿಗಿತ್ತು. ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ ಮೂಲಕ, ರೂಟ್ ಇಲ್ಲದೆಯೂ, ಸಿಸ್ಟಮ್ ಆ್ಯಪ್‌ಗಳನ್ನು ಬಳಕೆದಾರರ ಮಟ್ಟಿಗೆ ತೆಗೆದುಹಾಕಬಹುದು. ಆ್ಯಪ್ ಸಿಸ್ಟಮ್ ವಿಭಾಗದಲ್ಲೇ ಇರುತ್ತದೆ. ಈ ಬಳಕೆದಾರರಿಗೆ ಅದು ಇಲ್ಲ ಎಂಬ ಒಂದು ಗುರುತು ಡೇಟಾ ವಿಭಾಗದಲ್ಲಿ ಬೀಳುತ್ತದೆ. ಅಪ್‌ಡೇಟ್ ಆ್ಯಪಿನ ಹೊಸ ಆವೃತ್ತಿಯನ್ನು ತಂದಿಟ್ಟರೂ ಗುರುತು ಹಾಗೇ ಇರಬಹುದು. ಸೇಫ್ ಮೋಡ್ ಇದನ್ನು ತೆಗೆಯುವುದಿಲ್ಲ, ಮ್ಯಾಜಿಸ್ಕ್ ಕಿತ್ತರೂ ಹೋಗುವುದಿಲ್ಲ, ಏಕೆಂದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದನ್ನು ಹಿಡಿಯುವುದು ಸುಲಭ. ಪ್ಯಾಕೇಜುಗಳ ಪಟ್ಟಿಯನ್ನು ಎಡಿಬಿಯಲ್ಲಿ ಎರಡು ಬಗೆಯಲ್ಲಿ ಕೇಳಬೇಕು: ಒಮ್ಮೆ ತೆಗೆದುಹಾಕಿದವನ್ನೂ ಸೇರಿಸಿ, ಒಮ್ಮೆ ಸೇರಿಸದೆ. ಎರಡರ ನಡುವಿನ ವ್ಯತ್ಯಾಸವೇ ಉತ್ತರ. ನಿಷ್ಕ್ರಿಯಗೊಳಿಸಿದವಕ್ಕೆ ಪ್ರತ್ಯೇಕ ಪಟ್ಟಿ ಸಿಗುತ್ತದೆ. ವ್ಯತ್ಯಾಸದಲ್ಲಿ ಒಂದಿಷ್ಟು ಆಟಗಳು, ಒಂದು ಹವಾಮಾನದ ಆ್ಯಪ್, ಅವುಗಳ ನಡುವೆ ಪ್ರಿಂಟ್ ಕೆಲಸ ನೋಡಿಕೊಳ್ಳುವ ಆಂಡ್ರಾಯ್ಡ್‌ನ ಪ್ರಿಂಟ್ ಸ್ಪೂಲರ್. ‘ಯಾರೂ ಬಳಸದ’ ಆ್ಯಪ್‌ಗಳ ಪಟ್ಟಿಗಳಲ್ಲಿ ಅದರ ಹೆಸರು ಮೇಲಿಂದ ಮೇಲೆ ಕಾಣುತ್ತದೆ, ಹುಡುಗನೂ ಅಂಥ ಪಟ್ಟಿಯೊಂದನ್ನು ಸಾರಾಸಗಟಾಗಿ ಓಡಿಸಿದ್ದ. ಇರುವ ಪ್ಯಾಕೇಜನ್ನೇ ಮರುಸ್ಥಾಪಿಸುವ ಎಡಿಬಿ ಆಜ್ಞೆ ಕೊಟ್ಟ ಕೂಡಲೇ ಪ್ರಿಂಟಿನ ಪರದೆ ಎದ್ದಿತು. ಆಟಗಳನ್ನು ಇದ್ದಲ್ಲೇ ಬಿಟ್ಟೆವು. ಇದೇ ಗುರುತನ್ನು ಫ್ಯಾಕ್ಟರಿ ರಿಸೆಟ್ಟೂ ಅಳಿಸುತ್ತಿತ್ತು, ಅಂಗಡಿಯವರ ಲೆಕ್ಕದಲ್ಲಿ ಸರಿಯಾದ ಎರಡನೆಯದು ಇದು.

ಇಷ್ಟೆಲ್ಲ ಆದದ್ದು ಜಾಹೀರಾತಿನ ಕಾಟಕ್ಕೆ. ಅದಕ್ಕೆ ರೂಟ್ ಬೇಕೇ ಇರಲಿಲ್ಲ. ಆಂಡ್ರಾಯ್ಡ್ 9ರಿಂದ ಸೆಟ್ಟಿಂಗ್ಸ್‌ನಲ್ಲೇ ಪ್ರೈವೇಟ್ ಡಿಎನ್‌ಎಸ್ ಎಂಬ ಆಯ್ಕೆ ಇದೆ; ಜಾಲತಾಣಗಳ ವಿಳಾಸವನ್ನು ಯಾವ ಸರ್ವರಿನಿಂದ ಕೇಳಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಜಾಹೀರಾತು ಸೋಸುವ ಸರ್ವರ್ ಒಂದರ ಹೆಸರನ್ನು ಅಲ್ಲಿ ಬರೆದರೆ ಬಹುಪಾಲು ನಿಲ್ಲುತ್ತವೆ. ಯೂಟ್ಯೂಬಿನವು ನಿಲ್ಲುವುದಿಲ್ಲ ಎಂದು ಮೊದಲೇ ಹೇಳಿದೆ. ಹೊರಗಿನ ಕೆಲವು ವೈಫೈಗಳಲ್ಲಿ ಲಾಗಿನ್ ಪುಟ ತೆರೆಯದಿದ್ದರೆ ಇದನ್ನು ತಾತ್ಕಾಲಿಕವಾಗಿ ಆರಿಸಬೇಕಾಗುತ್ತದೆ ಎಂಬುದನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. ಇದೂ ಡೇಟಾ ವಿಭಾಗದಲ್ಲೇ ಕೂರುವ ಬದಲಾವಣೆ, ಮುಂದಿನ ಅಪ್‌ಡೇಟುಗಳನ್ನೂ ದಾಟಿ ಉಳಿಯುತ್ತದೆ. ಚೀಟಿ ಇದ್ದರೆ ಮುಂದೆ ನೋಡುವವರು ಕತ್ತಲಲ್ಲಿ ತಡಕಾಡಬೇಕಿಲ್ಲ.

ನಂತರದ ಭದ್ರತಾ ಅಪ್‌ಡೇಟ್ ತಕರಾರಿಲ್ಲದೆ ಇಳಿದು ಕೂತಿತು. ಬೂಟ್ ಇಮೇಜ್ ಅಸಲಿಯೇ ಎಂಬುದಕ್ಕೆ ನನಗೆ ಬೇಕಿದ್ದ ಪುರಾವೆ ಅದು. ಕನ್ನಡ ಇದ್ದಂತೆಯೇ ಇತ್ತು.

ಬಾಕಿ ಇರುವುದು ಬೂಟ್‌ಲೋಡರಿನ ಬೀಗ. ಅದನ್ನು ಹಾಕಿದರೆ ಡೇಟಾ ವಿಭಾಗ ಪೂರ್ತಿ ಒರೆಸಿಹೋಗುತ್ತದೆ. ಯಾವುದಾದರೂ ವಿಭಾಗ ಅಸಲಿಯಲ್ಲದಿರುವಾಗ ಹಾಕಿದರೆ ಫೋನು ಏಳದೆಯೇ ಹೋಗಬಹುದು. ಹಾಕದಿದ್ದರೆ, ಫೋನು ಕಳ್ಳರ ಕೈಗೆ ಸಿಕ್ಕಾಗ ಒಂದು ರಕ್ಷಣೆ ಕಡಿಮೆ. ಬ್ಯಾಕಪ್ ತೆಗೆದು ಹಾಕಿಬಿಡೋಣ ಎಂಬುದು ನನ್ನ ಸಲಹೆಯಾಗಿತ್ತು. “ಈ ಅಭಿನಂದನ ಗ್ರಂಥದ ಪ್ರೂಫ್ ಮುಗೀಲಿ ತಡೀರಿ,” ಎಂದರು ಅಕ್ಕೋರು. “ಎಂಟನೂರು ಪುಟ ಅದ. ಅದರಾಗ ನೀವು ಹಾಕಿದ ತಪ್ಪs ಇನ್ನೂ ಮುಗದಿಲ್ಲ.”